ಚುಕ್ಕಿ ಕೆರೆದ ಕಾರ್ಡು

ಕಳೆದ ವಾರ ರಾಯಚೂರಿನ ನಮ್ಮ ಕಚೇರಿಯಲ್ಲಿ ಹೊಸದಾಗಿ ಸೇರಿದ ವರದಿಗಾರ್ತಿಯೊಬ್ಬರು ಮೇಜಿನ ಮೇಲೆ ಒಂದು ರಬ್ಬರು ಬಿಟ್ಟುಹೋಗಿದ್ದರು. ಮಕ್ಕಳು ಶಾಲೆಗೆ ಒಯ್ಯುವಂಥದ್ದು, ಯಾವುದೋ ಹಣ್ಣಿನ ವಾಸನೆ ಬೆರೆಸಿದ್ದು. ಪುಟದ ಕರಡಿನ ಮೇಲೆ ನಾನೇ ಹಾಕಿದ್ದ ಪೆನ್ಸಿಲ್ ಗುರುತನ್ನು ಅದರಿಂದ ಉಜ್ಜಿದೆ. ಆ ಸಿಹಿ ವಾಸನೆ ಮೂಗಿಗೆ ಬಂದಾಗ ನೆನಪಾದದ್ದು ಶಾಲೆಯಲ್ಲ, ಮಾನ್ವಿಯ ಬಸ್ ನಿಲ್ದಾಣದ ಎದುರಿಗಿದ್ದ ಒಂದು ಫೋಟೋ ಸ್ಟುಡಿಯೋ. ಅದರ ಮಾಲೀಕರು ಕ್ಯಾಮೆರಾದ ಮೆಮೊರಿ ಕಾರ್ಡುಗಳ ಹಿತ್ತಾಳೆ ಬಣ್ಣದ ಪಟ್ಟಿಗಳನ್ನು ಇಂಥದೇ ರಬ್ಬರಿನಿಂದ ಉಜ್ಜಿ, ಸಣ್ಣ ಬ್ರಷ್ಷಿನಿಂದ ಪುಡಿ ಕೊಡವುತ್ತಿದ್ದರು. ಬಾಯಿಂದ ಊದುತ್ತಿರಲಿಲ್ಲ. ಊದಿದರೆ ಎಂಜಲು ಹಾರುತ್ತದೆ, ಎಂಜಲು ಬಿದ್ದ ಕಾರ್ಡು ಬಾಳುವುದಿಲ್ಲ ಎನ್ನುತ್ತಿದ್ದರು.

ಊರವರು ಅವರನ್ನು ಫೋಟೋ ಮಾಸ್ತರ ಎಂದು ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತಿದ್ದೆ. ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಎದುರಿಗೆ ನಿಂತವರನ್ನು ಗದರಿಸುವ ರೀತಿಗೆ ಆ ಹೆಸರು ಬಂದಿರಬೇಕು.

ರೀಲಿನ ಡಬ್ಬಿಗಳು ಮೂಲೆ ಸೇರಿ, ತಾಲೂಕು ಊರುಗಳಿಗೂ ಡಿಜಿಟಲ್ ಕ್ಯಾಮೆರಾ ಬಂದಿದ್ದ ಕಾಲ. ನಾನು ಮಾನ್ವಿಯಲ್ಲಿ ವರದಿಗಾರನಾಗಿದ್ದೆ. ಪತ್ರಿಕೆಯವರು ಒಂದು ಸಣ್ಣ ಕ್ಯಾಮೆರಾ ಕೊಟ್ಟಿದ್ದರು, ಬಳಸುವ ಬಗೆ ಹೇಳಿಕೊಟ್ಟಿರಲಿಲ್ಲ. ಅದನ್ನು ಕಲಿಸಿದವರು ಮಾಸ್ತರರು. ಕಾರ್ಡನ್ನು ಕಂಪ್ಯೂಟರಿನಲ್ಲಿ ಫಾರ್ಮ್ಯಾಟ್ ಮಾಡಬೇಡ, ಯಾವ ಕ್ಯಾಮೆರಾಕ್ಕೆ ಹಾಕುತ್ತೀಯೋ ಅದರಲ್ಲೇ ಮಾಡು. ಕೆಂಪು ದೀಪ ಮಿನುಗುತ್ತಿರುವಾಗ ಕಾರ್ಡಿನ ಮುಚ್ಚಳ ತೆಗೆಯಬೇಡ. ದೊಡ್ಡದೊಂದು ಕಾರ್ಡಿಗಿಂತ ಸಣ್ಣವೆರಡು ಲೇಸು, ಒಂದು ಕೆಟ್ಟರೂ ಅರ್ಧ ಮದುವೆ ಉಳಿಯುತ್ತದೆ. ಕಾರ್ಡು ಹಟ ಮಾಡಿದರೆ ಅಲ್ಲಿಗೇ ಕೈಬಿಡು, ಅದರ ಮೇಲೆ ಇನ್ನೊಂದು ಫೋಟೋ ಹೊಡೆಯಬೇಡ... ಅವರು ಕಲಿಸಿದ್ದರಲ್ಲಿ ಒಂದೂ ಸುಳ್ಳಾಗಲಿಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು.

ಫಾರ್ಮ್ಯಾಟ್ ಮಾಡಿದರೆ ಹಳೆಯ ಫೋಟೋಗಳು ಎಲ್ಲಿಗೆ ಹೋಗುತ್ತವೆ ಎಂದು ನಾನೊಮ್ಮೆ ಕೇಳಿದ್ದೆ.

“ಎಲ್ಲಿ ಹೋಗತಾವ? ಬಾಗಲ ಮ್ಯಾಲಿನ ಹೆಸರು ಕಿತ್ತಂಗ ಅಷ್ಟ. ಒಳಗಿನವರು ಒಳಗ ಇರ್ತಾರ. ಹೊಸಬರು ಬಂದು ಆ ಜಾಗಾ ಹಿಡಿಯೂತನಕ ಅಲ್ಲೇ ಕುಂತಿರ್ತಾರ.”

ಅಳಿಸಿಹೋದದ್ದನ್ನು ಹೊರತೆಗೆಯುವ ಸಾಫ್ಟ್‌ವೇರ್ ಆಗ ಮಾನ್ವಿಯಲ್ಲಿ ಇದ್ದದ್ದು ಅವರೊಬ್ಬರ ಬಳಿ. ಹಾಗಾಗಿ ಕೆಟ್ಟ ಕಾರ್ಡು ಹಿಡಿದವರೆಲ್ಲ ಅಲ್ಲಿಗೇ ಬರಬೇಕಿತ್ತು, ಬಂದವರು ಮೊದಲು ಅವರ ಬಾಯಿಗೆ ಸಿಗಬೇಕಿತ್ತು. ಅಂಗಿಯ ಜೇಬಿನಲ್ಲೇ ಕಾರ್ಡು ಬಿಟ್ಟು ಸೋಪಿನ ನೀರಿನಲ್ಲಿ ನೆನೆಹಾಕಿ ತಂದ ಗೃಹಸ್ಥರೊಬ್ಬರಿಗೆ, ನೀಲಿ ಹಾಕಲಿಲ್ಲವೇ ಎಂದು ಕೇಳಿದರು. ರಾಯಚೂರಿನ ಫುಟ್‌ಪಾತಿನಲ್ಲಿ ಕಡಿಮೆ ಬೆಲೆಗೆ ದೊಡ್ಡ ಕಾರ್ಡು ಕೊಂಡು ಮೋಸಹೋದ ಇನ್ನೊಬ್ಬರಿಗೆ ಹೇಳಿದ್ದು ನನಗೆ ಈಗಲೂ ನೆನಪಿದೆ. “ಹೊರಗ ಅರವತ್ನಾಕು ಜೀಬಿ ಅಂತ ಬರದದ, ಒಳಗ ಎಂಟೂ ಇಲ್ಲ. ಸಂಬಂಧ ಕೂಡೂಮುಂದ ನಿಮ್ಮ ಅಳಿಯ ಪಗಾರ ಹೇಳಿದ್ದನಲ್ರಿ, ಹಂಗ.” ಅಳಿಯ ಪಕ್ಕದಲ್ಲೇ ನಿಂತಿದ್ದ. ನಕ್ಕವರಲ್ಲಿ ನಾನೂ ಇದ್ದೆ, ಎಲ್ಲರೂ ನಗುತ್ತಿದ್ದರು.

ನಗು ಬಾರದ ಸಂಗತಿಗಳೂ ಇದ್ದವು. ಯಾಪಲದಿನ್ನಿಯ ಕಡೆಯ ಯುವಕನೊಬ್ಬ ನಿಶ್ಚಿತಾರ್ಥದ ಫೋಟೋಗಳು ಹೋದವೆಂದು ಕಾರ್ಡು ತಂದಿದ್ದ. ಜೊತೆಗೆ ಹುಡುಗಿಯ ಅಣ್ಣನಿದ್ದ. ಮಾಸ್ತರರು ನಿಶ್ಚಿತಾರ್ಥವನ್ನೂ ತೆಗೆದರು, ಅದಕ್ಕೆ ಮೊದಲು ಆ ಯುವಕ ಅಳಿಸಿಹಾಕಿದ್ದ ಬೇರೊಬ್ಬ ಹುಡುಗಿಯ ಫೋಟೋಗಳನ್ನೂ ತೆಗೆದರು. ಆಮೇಲೆ ಕಂಪ್ಯೂಟರಿನ ಪರದೆಯನ್ನು ಮೆಲ್ಲಗೆ ಅಣ್ಣನ ಕಡೆಗೆ ತಿರುಗಿಸಿದರು. ಆ ಸಂಬಂಧ ಅಂಗಡಿಯ ಮೆಟ್ಟಿಲಲ್ಲೇ ಮುರಿಯಿತು. ಬಹಳ ದಿನ ಚಹಾದ ಹೊತ್ತಿಗೆ ಅವರು ಅದನ್ನು ಹೇಳಿಕೊಂಡು ನಗುತ್ತಿದ್ದರು, ಯುವಕನ ಮುಖ ಹೇಗಾಯಿತೆಂದು ಮಾಡಿ ತೋರಿಸುತ್ತಿದ್ದರು.

ಇನ್ನು ಎರಡು ಕಾರ್ಡುಗಳ ವಿಷಯ. ನಮ್ಮ ಕಡೆ ಸತ್ತವರನ್ನು ಗೋಡೆಗೆ ಒರಗಿಸಿ ಕೂಡಿಸಿ, ಹಣೆಗೆ ವಿಭೂತಿ ಬಳಿದು, ಹಾರ ಹಾಕಿ, ಮನೆಯವರೆಲ್ಲ ಸುತ್ತ ನಿಂತು ಕೊನೆಯದೊಂದು ಫೋಟೋ ತೆಗೆಸುತ್ತಾರೆ. ಅದಕ್ಕೂ ಮಾಸ್ತರರೇ ಹೋಗುತ್ತಿದ್ದರು. ಸಾವಿನ ಮನೆಯ ಕ್ಯಾಮೆರಾ ಮದುವೆಯ ಮನೆಗೆ ಬರಬಾರದೆಂಬ ಮಾತು ರೀಲಿನ ಕಾಲದಿಂದಲೂ ಇತ್ತು. ಕಾರ್ಡು ಬಂದ ಮೇಲೆ ಮಾಸ್ತರರು ಅದಕ್ಕೊಂದು ದಾರಿ ಕಂಡುಕೊಂಡರು: ಕ್ಯಾಮೆರಾ ಒಂದೇ, ಕಾರ್ಡು ಎರಡು. ಸಾವಿನ ಕಾರ್ಡಿಗೆ ಬೋರ್ಡು ಬರೆಯುವ ಕರಿ ಬಣ್ಣದಿಂದ ಒಂದು ಚುಕ್ಕಿ. ಮದುವೆಗಳಲ್ಲಿ ಅಕ್ಷತೆಗೆ ಮೊದಲು ಎರಡೂ ಕಡೆಯ ಹಿರಿಯರನ್ನು ಕರೆದು, ಚುಕ್ಕಿಯಿಲ್ಲದ ಕಾರ್ಡು ತೋರಿಸಿ, ಅವರ ಕಣ್ಣ ಮುಂದೆಯೇ ಫಾರ್ಮ್ಯಾಟ್ ಮಾಡಿ, ಖಾಲಿ ಪರದೆಯನ್ನು ಒಬ್ಬೊಬ್ಬರಿಗೂ ತೋರಿಸುತ್ತಿದ್ದರು. ನೋಡನೋಡುತ್ತ ಅದೊಂದು ಶಾಸ್ತ್ರವೇ ಆಗಿಹೋಯಿತು. ಮಾನ್ವಿ, ದೇವದುರ್ಗದ ಹಳ್ಳಿಗಳಲ್ಲಿ ಹಿರಿಯರು ತಾವಾಗಿ ಕೇಳತೊಡಗಿದರು. ಕೆಲವರು ಆ ಖಾಲಿ ಪರದೆಗೆ ಒಂದೆರಡು ಅಕ್ಷತೆ ಕಾಳು ಹಾಕುತ್ತಿದ್ದರು. ಬೇರೆ ಫೋಟೋದವರಿಗೆ ಈ ಶಾಸ್ತ್ರ ಗೊತ್ತಿರಲಿಲ್ಲ, ಹಾಗಾಗಿ ಮದುವೆಗಳೆಲ್ಲ ಇವರಿಗೇ ಬಂದವು.

ಮಾನ್ವಿಯಲ್ಲಿ ನನ್ನ ಎದುರು ಮನೆಯಲ್ಲಿ ಮಲ್ಲಟದಿಂದ ಬಂದ ಒಬ್ಬ ಹೆಣ್ಣುಮಗಳು ಹೊಲಿಗೆ ಮಾಡಿಕೊಂಡಿದ್ದರು. ಗಂಡ ಇರಲಿಲ್ಲ. ಒಬ್ಬಳೇ ಮಗಳು. ಆ ಹುಡುಗಿ ನನ್ನನ್ನು ಕಾಕಾ ಎನ್ನುತ್ತಿದ್ದಳು, ಬೆಳಿಗ್ಗೆ ನನಗಿಂತ ಮೊದಲು ನನ್ನ ಪತ್ರಿಕೆ ಓದಿ ಮಡಚಿ ಇಡುತ್ತಿದ್ದಳು. ದೇವದುರ್ಗದ ಕಡೆ ಅವಳಿಗೆ ಸಂಬಂಧ ಕೂಡಿತು. ಮದುವೆ ಗಂಡಿನ ಊರಿನಲ್ಲಿ. ಫೋಟೋದವರನ್ನು ಕರೆತರುವ ಹೊಣೆ ಹೆಣ್ಣಿನವರದು. ತಾಯಿ ಮಾಸ್ತರರನ್ನು ಗೊತ್ತು ಮಾಡಿದರು. ಮದುವೆ ಮುಗಿದ ಮೇಲೆ ಕಾರ್ಡನ್ನೇ ಗಂಡಿನ ಮನೆಗೆ ಕೊಡಬೇಕೆಂದು ಬೀಗರು ಹೇಳಿದ್ದರು. ಆಲ್ಬಮ್ಮು ಬರುವುದು ಯಾವಾಗಲೋ, ಕಾರ್ಡು ಕೈಯಲ್ಲಿದ್ದರೆ ಫೋಟೋ ತಮ್ಮಲ್ಲೇ ಇದ್ದಂತೆ ಎಂದು ಆಗ ಎಲ್ಲರೂ ತಿಳಿದಿದ್ದರು.

ನಾನೂ ಹೋಗಿದ್ದೆ. ಅಕ್ಷತೆಗೆ ಮೊದಲು ಎಂದಿನಂತೆ ಶಾಸ್ತ್ರ ನಡೆಯಿತು. ಊಟದ ಹೊತ್ತಿಗೆ ಕ್ಯಾಮೆರಾ ಕೆಟ್ಟಿತು. ಕೆಟ್ಟದ್ದು ಕ್ಯಾಮೆರಾ ಅಲ್ಲ, ಕಾರ್ಡು. ಗಡಿಬಿಡಿಯಲ್ಲಿ ಕೆಂಪು ದೀಪ ಮಿನುಗುತ್ತಿರುವಾಗಲೇ ಮಾಸ್ತರರು ಮುಚ್ಚಳ ತೆಗೆದಿದ್ದರು. ಇತರರಿಗೆ ಮಾಡಬೇಡಿ ಎಂದು ಗದರುತ್ತಿದ್ದ ಅದೇ ತಪ್ಪು. ಕೈ ತೊಳೆಯಲೆಂದು ನಾನು ಚಪ್ಪರದ ಹಿಂದಕ್ಕೆ ಹೋದಾಗ ಅವರು ಜನರೇಟರಿನ ಮರೆಯಲ್ಲಿ ಕುಳಿತು ಇನ್ನೊಂದು ಕಾರ್ಡನ್ನು ಉಗುರಿನಿಂದ ಕೆರೆಯುತ್ತಿದ್ದರು. ಕರಿ ಬಣ್ಣದ ಚೂರುಗಳು ಬಿಳಿ ಪಂಚೆಯ ಮೇಲೆ ಬಿದ್ದಿದ್ದವು. ನನ್ನನ್ನು ಕಂಡು, “ಹಸಿವಾಗ್ಯಾದೇನು, ಹೋಗಿ ಉಣ್ಣಹೋಗು” ಎಂದರು. ಆಮೇಲೆ ಕಾರ್ಡು ಒಳಗಿಟ್ಟು, ಗುಂಡಿ ಒತ್ತಿ ಫಾರ್ಮ್ಯಾಟ್ ಮಾಡಿ, ಎದ್ದು ಹೋದರು. ಮದುವೆಯ ಆಮೇಲಿನ ಫೋಟೋಗಳೆಲ್ಲ ಆ ಕಾರ್ಡಿಗೇ ಬಿದ್ದವು. ಮೊದಲ ಕಾರ್ಡಿನಲ್ಲಿದ್ದುದನ್ನು ತಾವು ಊರಿಗೆ ಹೋಗಿ ತೆಗೆದುಕೊಡುವುದಾಗಿ ಹೇಳಿ, ಎರಡನೆಯದನ್ನು ಒಪ್ಪಂದದ ಪ್ರಕಾರ ಬೀಗರ ಕೈಗಿತ್ತರು. ಯಾರು ಕೆದಕಿ ನೋಡುತ್ತಾರೆ ಎಂದುಕೊಂಡಿರಬೇಕು.

ಮದುವೆಯಾಗಿ ಎರಡು ತಿಂಗಳೂ ತುಂಬಿರಲಿಲ್ಲ, ಹುಡುಗಿಯ ಮಾವ ಸತ್ತರು. ಹೃದಯದ ಹಳೆಯ ಬೇನೆ. ಮದುವೆಗೆ ಮೊದಲೇ ರಾಯಚೂರಿನ ದವಾಖಾನೆಗೆ ಓಡಾಡುತ್ತಿದ್ದರು. ಗೋಡೆಗೆ ಹಾಕುವ ಫೋಟೋಕ್ಕೆ ಮದುವೆಯಲ್ಲಿ ರುಮಾಲು ಸುತ್ತಿದ್ದ ಅವರ ಮುಖವೇ ಚೆಂದ ಎಂದು ಮನೆಯವರು ಆ ಕಾರ್ಡು ಹಿಡಿದು ದೇವದುರ್ಗದ ಮೊಬೈಲ್ ಅಂಗಡಿಯೊಂದಕ್ಕೆ ಹೋದರು. ಅತ್ತೆ, ಗಂಡ, ಮೈದುನ, ಹುಡುಗಿ. ಅಲ್ಲಿನ ಕಂಪ್ಯೂಟರು ಕಾರ್ಡನ್ನು ಓದದೆ, ಫಾರ್ಮ್ಯಾಟ್ ಮಾಡಲೇ ಎಂದು ಕೇಳಿತು. ಅಂಗಡಿಯವನು ಹೂಂ ಎಂದು ಒತ್ತಿಬಿಟ್ಟ. ಎಲ್ಲ ಹೋಯಿತು. ಅತ್ತೆ ಅಲ್ಲೇ ಕುಸಿದು ಕುಳಿತರು. ಅವನು ಹೆದರಿ, ತೆಗೆದುಕೊಡುತ್ತೇನೆ ಎಂದು ಅದೇ ತರದ ಸಾಫ್ಟ್‌ವೇರ್ ಹಾಕಿದ. ಮುಂದೆ ನಡೆದದ್ದನ್ನು ನನಗೆ ಹೇಳಿದವನೂ ಅವನೇ.

ಪರದೆಯ ಮೇಲೆ ಫೋಟೋಗಳು ಸಾಲಾಗಿ ಮೂಡತೊಡಗಿದವು. ಊಟದ ಪಂಕ್ತಿ, ಬೀಗರು, ರುಮಾಲಿನ ಮಾವ. ಅತ್ತೆ ಅಳು ನಿಲ್ಲಿಸಿ ಎದ್ದು ನಿಂತರು. ಮದುವೆಯ ಕೊನೆಯ ಫೋಟೋ, ಹುಡುಗಿ ಗಂಡನ ಮನೆಯ ಹೊಸ್ತಿಲಲ್ಲಿ ಅಕ್ಕಿಯ ಸೇರು ಒದ್ದು ಒಳಗೆ ಕಾಲಿಡುತ್ತಿರುವುದು. ಪರದೆಯಲ್ಲಿ ಅದರ ಪಕ್ಕದ ಚೌಕದಲ್ಲೇ, ಬಾಯಿ ಅರೆತೆರೆದು, ಹಾರ ಹಾಕಿಸಿಕೊಂಡು ಗೋಡೆಗೆ ಒರಗಿ ಕುಳಿತ ಒಬ್ಬ ಮುದುಕ. ಅವನ ಪಕ್ಕ ಒಬ್ಬ ಮುದುಕಿ. ಆಮೇಲೆ ಸಣ್ಣ ವಯಸ್ಸಿನ ಒಬ್ಬ ಗಂಡಸು...

“ಆಕಿ ಹಿಂದನ ಬಂದಾರ,” ಎಂದರಂತೆ ಅತ್ತೆ.

ಕಾರ್ಡಿನ ಮುಂಭಾಗವನ್ನು ಮದುವೆ ತುಂಬಿತ್ತು, ಹಿಂಭಾಗದಲ್ಲಿ ಹಳೆಯವರು ಹಾಗೇ ಉಳಿದಿದ್ದರು. ನಡೆದದ್ದು ಇಷ್ಟೇ. ಆದರೆ ಆ ಮನೆಯವರು ಅದನ್ನು ಕಣ್ಣಾರೆ ಕಂಡ ಸಂಗತಿಯಂತೆ ಓದಿದರು: ಸೊಸೆ ಹೊಸ್ತಿಲು ದಾಟಿದಳು, ಅವಳ ಬೆನ್ನಿಗೆ ಸತ್ತವರು ಸಾಲಾಗಿ ಒಳಗೆ ಬಂದರು, ಮನೆಯ ಯಜಮಾನ ಹೋದ. ಆ ಸಂಜೆ ಹುಡುಗಿಯನ್ನು ಅಡುಗೆಮನೆಗೆ ಬಿಡಲಿಲ್ಲ. ಎರಡು ದಿನ ಪಡಸಾಲೆಯ ಹೊರಗಿನ ಕಟ್ಟೆಯ ಮೇಲೆ ಕೂರಿಸಿ, ತಾಯಿಗೆ ಹೇಳಿಕಳಿಸಿದರು.

ತಾಯಿ ನನ್ನನ್ನು ಜೊತೆಗೆ ಕರೆದರು. ಆ ಕಟ್ಟೆಯ ಮೇಲೆಯೇ ಹಿರಿಯರು ಸೇರಿದ್ದರು. ಹುಡುಗಿ ಕಂಬದ ಪಕ್ಕ ನಿಂತಿದ್ದಳು. ಫಾರ್ಮ್ಯಾಟ್ ಮಾಡಿದರೂ ಹಳೆಯದು ಉಳಿಯುತ್ತದೆ, ಆ ಕಾರ್ಡಿನಲ್ಲಿ ಮಾಸ್ತರರು ಸಾವಿನ ಫೋಟೋ ತೆಗೆಯುತ್ತಿದ್ದರು, ಚುಕ್ಕಿ ಕೆರೆದದ್ದನ್ನು ನಾನು ಕಂಡಿದ್ದೇನೆ ಎಂದು ನನಗೆ ತಿಳಿದಷ್ಟನ್ನು ಹೇಳಿದೆ. ಮೈದುನ ನಕ್ಕ. ಹೆಣ್ಣಿನವರ ಓಣಿಯವರು ಹೆಣ್ಣಿನವರ ಮಾತೇ ಆಡುತ್ತಾರೆ ಎಂದ. ಆದರೆ ಅಲ್ಲಿದ್ದ ಒಬ್ಬ ಹಿರಿಯರು ನಿಧಾನದ ಮನುಷ್ಯ. ಅವರು ಮಾತನ್ನು ಕಡಿದಿಟ್ಟಂತೆ ಹೇಳಿದರು: ಫೋಟೋದವ ಬಂದು ಇದು ನನ್ನ ಕಾರ್ಡು, ನನ್ನ ತಪ್ಪು ಎನ್ನಲಿ. ಅವನು ಗುಡಿಯಲ್ಲಿ ಕಾಯಿ ಒಡೆದು ತಪ್ಪುಕಾಣಿಕೆ ಹಾಕಲಿ. ಹುಡುಗಿ ಒಳಗೆ ಹೋಗಲಿ. ಅಲ್ಲಿಗೆ ಮುಗಿಯಿತು. ಅತ್ತೆಯೂ ಅದಕ್ಕೆ ಒಪ್ಪಿ ತಲೆಯಾಡಿಸಿದರು.

ಅಂದರೆ ಆ ಹುಡುಗಿಯ ಬಾಳು ಮಾಸ್ತರರ ಒಂದು ಮಾತಿನ ಮೇಲೆ ನಿಂತಿತು.

ಮರುದಿನ ಅವರು ಬಂದರು. ತೊಳೆದ ಬಿಳಿ ಅಂಗಿ, ಹೆಗಲಿಗೆ ಕ್ಯಾಮೆರಾ ಚೀಲ. ಮುಂದಿನ ವಾರದಿಂದ ಮದುವೆಗಳು ಶುರುವಾಗುವುದಿತ್ತು, ಕಟ್ಟೆಯ ಮೇಲಿದ್ದವರಲ್ಲಿ ಇಬ್ಬರ ಮನೆಗಳಲ್ಲೂ ಇತ್ತು. ಮಾಸ್ತರರು ಅವರಿಬ್ಬರನ್ನೂ ಮಾತಾಡಿಸಿ, ಚಹಾ ಕುಡಿದು, ಕಾರ್ಡನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

“ಕಾರ್ಡು ನಂದ ಅದ. ಇಲ್ಲ ಅನ್ನೂದಿಲ್ಲ. ಆದ್ರ ನಿಮ್ಮ ಕಣ್ಣ ಮುಂದ ಖಾಲಿ ಮಾಡೀನಿ. ಫಾರ್ಮ್ಯಾಟ್ ಮಾಡಿದ ಮ್ಯಾಲ ಕಾರ್ಡಿನ್ಯಾಗ ಏನೂ ಉಳಿಯೂದಿಲ್ರೀ, ಇಷ್ಟು ವರ್ಷದಾಗ ನಾ ಎಂದೂ ಕಂಡಿಲ್ಲ.”

ಹಿರಿಯರ ಕಣ್ಣ ಮುಂದೆ ಖಾಲಿಯಾದದ್ದು ಮೊದಲ ಕಾರ್ಡು, ಇದಲ್ಲ; ಆ ವ್ಯತ್ಯಾಸ ಅಲ್ಲಿ ಯಾರಿಗೂ ಹೊಳೆಯಲಿಲ್ಲ. ಹಾಗಾದರೆ ಈ ಹೆಣಗಳು ಎಲ್ಲಿಂದ ಬಂದವು ಎಂದು ಆ ಹಿರಿಯರು ಕೇಳಿದರು. ಮಾಸ್ತರರು ಉತ್ತರ ಕೊಡುವ ಮೊದಲು ಕಂಬದ ಕಡೆಗೆ ನೋಡಿದರು. ನಾನು ಆ ನೋಟ ಬಲ್ಲೆ. ಅಂದು ಅಂಗಡಿಯಲ್ಲಿ ಪರದೆಯನ್ನು ಆ ನಿಶ್ಚಿತಾರ್ಥದ ಹುಡುಗಿಯ ಅಣ್ಣನ ಕಡೆಗೆ ತಿರುಗಿಸುವಾಗ ಇದ್ದ ನೋಟ.

“ಅದನ್ನ ನಾ ಹ್ಯಾಂಗ ಹೇಳ್ಲಿ, ಯಪ್ಪಾ. ಕ್ಯಾಮೆರಾ ಎದುರಿಗಿದ್ದದ್ದನ್ನ ಹಿಡಿತದ. ಮನಿಯೊಳಗ ಹೊಸದಾಗಿ ಬಂದವರನ್ನ ಕೇಳ್ರಿ.”

ಹುಡುಗಿ ಆಗ ಬಾಯಿ ತೆರೆದಳು. “ಮಾಸ್ತರ್ರಿ, ನೀವು ಕಾಕಾನ ಮುಂದ ಹೇಳಿದ್ದಿರಂತಲ್ರಿ, ಒಳಗಿನವರು ಒಳಗ ಇರ್ತಾರ ಅಂತ. ಅದನ್ನ ಇಲ್ಲಿ ಹೇಳ್ರಿ. ಅಷ್ಟ ಸಾಕು.”

ಮಾಸ್ತರರು ಹಿರಿಯರ ಕಡೆ ತಿರುಗಿ, ಈ ಹುಡುಗಿಗೆ ಮೊದಲೇ ಬಾಯಿ ಬಹಳ ಅದ ಎಂದು ನಕ್ಕರು. ಇಬ್ಬರು ಮೂವರು ಜೊತೆಗೂಡಿ ನಕ್ಕರು. ಆ ನಗುವಿನಲ್ಲಿ ಮಾತು ಮುಗಿದುಹೋಯಿತು. ನಿಧಾನದ ಹಿರಿಯರು ಎದ್ದು ಚಪ್ಪಲಿ ಮೆಟ್ಟಿಕೊಂಡರು. ಅತ್ತೆ ಒಳಗಿನಿಂದ ಹುಡುಗಿಯ ಟ್ರಂಕನ್ನು ತರಿಸಿ ಕಟ್ಟೆಯ ಕೆಳಗಿಟ್ಟರು. ಗಂಡ ಎಲ್ಲಿದ್ದ ಎಂದು ಎಷ್ಟು ನೆನಪಿಸಿಕೊಂಡರೂ... ಅವನು ಅಲ್ಲೇ ಇದ್ದ. ಏನೂ ಮಾತಾಡಲಿಲ್ಲವಾದ್ದರಿಂದ ನೆನಪಿನಲ್ಲಿ ಉಳಿದಿಲ್ಲ. ಮಾನ್ವಿಗೆ ವಾಪಸು ಬರುವ ಬಸ್ಸಿನಲ್ಲಿ ಮಾಸ್ತರರೂ ಇದ್ದರು. ನಮಗಿಂತ ಮುಂದಿನ ಸೀಟಿನಲ್ಲಿ ಕುಳಿತು, ಊರು ಬರುವ ತನಕ ನಿದ್ದೆ ಮಾಡಿದರು. ಟ್ರಂಕು ಅವರ ಕಾಲಿನ ಬಳಿಯೇ ಇತ್ತು.

ಆ ಗಂಡ ಬೇರೆ ಮದುವೆಯಾದ. ಅದಕ್ಕೆ ಫೋಟೋ ತೆಗೆದವರು ಮಾಸ್ತರರು. ಕಾರ್ಡನ್ನು ಹಿರಿಯರ ಮುಂದೆ ಎರಡು ಸಲ ಫಾರ್ಮ್ಯಾಟ್ ಮಾಡಿದರೆಂದು ಕೇಳಿದೆ. ಹುಡುಗಿ ತಾಯಿಯ ಜೊತೆ ಮಲ್ಲಟಕ್ಕೆ ಹೋದಳು. ಮಾತು ಅವರಿಗಿಂತ ಮೊದಲೇ ಊರು ತಲುಪಿತ್ತು. ಅವಳನ್ನು ಆರತಿಗೆ ಕರೆಯುತ್ತಿರಲಿಲ್ಲ, ಬಸುರಿಯರಿರುವ ಮನೆಗಳಲ್ಲಿ ಅವಳು ಬಂದರೆ ಬಾಗಿಲು ಓರೆ ಮಾಡಿಕೊಳ್ಳುತ್ತಿದ್ದರು. ತಾಯಿಯ ಹೊಲಿಗೆ ಕೆಲಸವೂ ಕಡಿಮೆಯಾಯಿತು. ಆ ಮನೆಯಲ್ಲಿ ಹೊಲಿದ ಕುಬಸವನ್ನು ಮದುಮಗಳಿಗೆ ತೊಡಿಸಲು ಯಾರೂ ಮುಂದೆ ಬರಲಿಲ್ಲ. ನಾನು ರಾಯಚೂರಿನ ಕಚೇರಿಗೆ ವರ್ಗವಾಗಿ ಬಂದೆ.

ಮಾಸ್ತರರು ಕೊನೆಗೆ ರಾಯಚೂರಿನ ಆಸ್ಪತ್ರೆಯೊಂದಕ್ಕೆ ಬಂದರು. ಕಿಡ್ನಿ ಹೋಗಿದ್ದವು. ಅಷ್ಟರಲ್ಲಿ ಎಲ್ಲರ ಕೈಗೂ ಫೋನು ಬಂದಿತ್ತು, ಸತ್ತವರ ಫೋಟೋವನ್ನೂ ಮನೆಯವರೇ ತೆಗೆದುಕೊಳ್ಳುತ್ತಿದ್ದರು. ಸ್ಟುಡಿಯೋ ಮುಚ್ಚಿತ್ತು, ಆ ಜಾಗದಲ್ಲಿ ಮೊಬೈಲ್ ಕವರುಗಳ ಅಂಗಡಿಯಿತ್ತು. ನಾನು ನೋಡಲು ಹೋದೆ. ಮಾತು ಸ್ಪಷ್ಟವಾಗಿತ್ತು. ನನ್ನ ಕಚೇರಿಯಲ್ಲಿ ಈಗ ಯಾವ ಕಾರ್ಡು ಬಳಸುತ್ತೀರಿ, ಬರೆಯುವ ವೇಗ ನೋಡಿ ಕೊಳ್ಳುತ್ತೀರೋ ಬರೀ ಸೈಜು ನೋಡಿಯೋ ಎಂದು ವಿಚಾರಿಸಿದರು. ನಾನು ಉತ್ತರ ಹೇಳಿ, ದೇವದುರ್ಗದ ಕಟ್ಟೆಯ ಮಾತು ಎತ್ತಿದೆ. ಈಗಲಾದರೂ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ, ಅವಳ ಊರಿನಲ್ಲಿ ಕೇಳಿಸುತ್ತೇನೆ ಎಂದೆ. ಅವರು ಫೋನಿನ ಮೇಲೆ ಕೈಯಿಟ್ಟು ಅದನ್ನು ಬೋರಲು ಹಾಕಿದರು.

“ಕಾರ್ಡು ನಂದು, ತಪ್ಪು ನಂದು. ನಿನಗ ಗೊತ್ತಿದ್ದದ್ದ ಅದ. ಅವತ್ತು ಹೇಳಿದ್ರ ಮುಂದಿನ ವಾರದಿಂದ ಯಾವನೂ ನನ್ನ ಕರೀತಿದ್ದಿಲ್ಲ. ಆಕಿದೊಂದು ಮನಿ ಹೋತು. ನನ್ನವು ಎಷ್ಟು ಹೋಗತಿದ್ದವು, ನೋಡು.”

ಪಶ್ಚಾತ್ತಾಪ ಕಾಣಲಿಲ್ಲ. ಇದ್ದದ್ದನ್ನು ಇಲ್ಲವೆನ್ನುವುದು ಹೇಗೆ ತಪ್ಪೋ ಇಲ್ಲದ್ದನ್ನು ಇದೆಯೆನ್ನುವುದೂ ಹಾಗೇ, ಆದ್ದರಿಂದ ಕಂಡಷ್ಟನ್ನೇ ಬರೆಯುತ್ತಿದ್ದೇನೆ. ಹೊರಡುವಾಗ ನನ್ನನ್ನು ಮತ್ತೆ ಕರೆದರು. ಏನಾದರೂ ಹೇಳುತ್ತಾರೆ ಎಂದು ತಿರುಗಿದೆ. ಫ್ಯಾನಿನ ವೇಗ ಕಡಿಮೆ ಮಾಡಿಹೋಗು ಎಂದರು. ಅದೇ ತಿಂಗಳು ತೀರಿಕೊಂಡರು.

ಮೊನ್ನೆ ಕೆಲಸದ ಮೇಲೆ ಮಾನ್ವಿಗೆ ಹೋಗಿದ್ದೆ. ಆ ಹುಡುಗಿ ಈಗ ಅಲ್ಲಿ ಒಂದು ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಾಳೆ. ಹುಡುಗಿ ಎನ್ನುವಂತಿಲ್ಲ, ಕಿವಿಯ ಮೇಲೆ ಕೂದಲು ಬೆಳ್ಳಗಾಗಿದೆ. ತಾಯಿ ಹೋಗಿ ವರ್ಷಗಳಾದವು. ದೊಡ್ಡ ಪಾತ್ರೆಯಲ್ಲಿ ಸಾರು ಕುದಿಯುತ್ತಿತ್ತು, ಅವಳು ಸೌಟು ಬಿಡದೆಯೇ ಮಾತಾಡಿದಳು. ಮಾಸ್ತರರು ಸತ್ತದ್ದು ಅವಳಿಗೆ ಗೊತ್ತಿತ್ತು.

“ಸಾಯೂಮುಂದ ಏನರ ಅಂದನೇನ್ರೀ ಕಾಕಾ?”

ಹೇಳಬೇಕೋ ಬೇಡವೋ ಎಂದು ಯೋಚಿಸಲಿಲ್ಲ. ಕೇಳಿದವಳು ಅವಳು. ಆಸ್ಪತ್ರೆಯಲ್ಲಿ ಅವರು ಆಡಿದ್ದನ್ನು ಒಂದೂ ಬಿಡದೆ ಹೇಳಿದೆ, ಕಾರ್ಡು ನನ್ನದು ಎಂದದ್ದನ್ನೂ, ಅವಳದೊಂದು ಮನೆ ಹೋಯಿತು ಎಂದದ್ದನ್ನೂ. ಅವಳು ಒಲೆಯ ಉರಿ ಸಣ್ಣಗೆ ಮಾಡಿ ಪೂರ್ತಿ ಕೇಳಿದಳು. ಮುಖ ಬದಲಾಗಲಿಲ್ಲ.

“ನಿಮ್ಮ ಮುಂದ ಹೇಳಿದ್ರೇನು ಬಂತ್ರೀ. ಆ ಕಟ್ಟಿ ಮ್ಯಾಲ ಹೇಳಬೇಕಿತ್ತು.”

ನನಗೆ ಕ್ಯಾಮೆರಾ ಹಿಡಿಯಲು ಕಲಿಸಿದ ಮನುಷ್ಯ ಇಲ್ಲ. ಆ ನಷ್ಟ ನನ್ನದು, ಸಣ್ಣದು. ಅವಳದು ಬೇರೆ. ಇಷ್ಟು ವರ್ಷ, ಎಷ್ಟೇ ಕೆಟ್ಟವನಾಗಿದ್ದರೂ, ಆ ಒಂದು ಮಾತು ಹೇಳಬಲ್ಲ ಒಬ್ಬ ಮನುಷ್ಯ ಮಾನ್ವಿಯಲ್ಲಿ ಉಸಿರಾಡಿಕೊಂಡಿದ್ದ... ನಿಧಾನದ ಹಿರಿಯರೂ ಈಗಿಲ್ಲ. ಆ ಮನೆಯಲ್ಲಿ ಅತ್ತೆ ಇದ್ದಾರೆ. ಸತ್ತವರು ಸೊಸೆಯ ಹಿಂದೆ ಬಂದದ್ದನ್ನು ಮೊಮ್ಮಕ್ಕಳಿಗೆ ಹೇಳುತ್ತಾರಂತೆ.

ಗಂಟೆ ಹೊಡೆಯಿತು. ತಟ್ಟೆ ಹಿಡಿದ ಹೆಣ್ಣುಮಕ್ಕಳು ಅಡುಗೆಮನೆಯ ಬಾಗಿಲಲ್ಲಿ ಸಾಲುಗಟ್ಟಿದರು. ಅವಳು ಸೆರಗಿನಿಂದ ಕೈ ಒರೆಸಿಕೊಂಡು, ಉಂಡು ಹೋಗ್ರಿ ಕಾಕಾ ಎಂದು, ಬಡಿಸಲು ಹೋದಳು.